ಏಳು ದಿನ ಮಲೇಶಿಯಾ

ಪ್ರೇಮವ್ವ ಹೇಳಿದ್ದು ನಾಲ್ಕೇ ಶಬ್ದ. ಬೆಳಿಗ್ಗೆ ನಳದ ಮುಂದೆ ಕೊಡ ಇಟ್ಟುಕೊಂಡು ನಿಂತಾಗ, ಇವತ್ತು ಯಾಕಿಷ್ಟು ಗಡಿಬಿಡಿ ಎಂದು ಪಕ್ಕದ ಮನೆಯ ಮೈಲವ್ವ ಕೇಳಿದಳು. "ನಮ್ಮ ಸುಧಾಂದು ಮಲೇಶಿಯಾಕ್ಕ ಗೊತ್ತಾತ್ರಿ" ಎಂದಳು ಪ್ರೇಮವ್ವ. ಮಗಳು ಟಿಕೀಟು, ಹೋಟೆಲು ಎಲ್ಲ ಗೊತ್ತು ಮಾಡಿದ್ದಾಳೆ, ತಾಯಿ ಮಗಳು ಕೂಡಿ ಏಳು ದಿನ ತಿರುಗಾಡಿ ಬರುತ್ತೇವೆ ಎಂಬುದು ಅವಳ ಮನಸ್ಸಿನಲ್ಲಿದ್ದ ಅರ್ಥ. ಆದರೆ ಮೂವತ್ತೇಳು ವರ್ಷದ, ಮದುವೆಯಾಗದ ಮಗಳ ವಿಷಯದಲ್ಲಿ 'ಗೊತ್ತಾತು' ಎಂದರೆ ಬ್ಯಾಡಗಿಯಲ್ಲಿ ಎರಡನೆಯ ಅರ್ಥವೇ ಇಲ್ಲ. ಮೈಲವ್ವನ ಕೊಡ ತುಂಬಿ ಹರಿಯುತ್ತಿದ್ದರೂ ಅವಳಿಗೆ ಖಬರಿರಲಿಲ್ಲ. ಪ್ರೇಮವ್ವ ಮಾತ್ರ ಇದ್ಯಾವುದನ್ನೂ ಗಮನಿಸದೆ ಕೊಡ ಒಳಗಿಟ್ಟು, ಮಲೇಶಿಯಾದಲ್ಲಿ ಉಪವಾಸ ಬೀಳಬಾರದೆಂದು ನೂರು ಖಡಕ್ ರೊಟ್ಟಿ ಬಡಿಸಿಕೊಂಡು ಬರಲು ರೊಟ್ಟಿ ಅಂಗಡಿಗೆ ಹೋದಳು.

ಸುಧಾರಾಣಿ ಹಾವೇರಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಅವಳಿಗೆ ಕಂಡಕ್ಟರನಿಂದ ಹಿಡಿದು ಕಚೇರಿಯ ಸಿಪಾಯಿಯವರೆಗೆ ಎಲ್ಲರೂ ಕೇಳುವುದು ಒಂದೇ: ಮದುವೆ ಯಾವಾಗ? ಪಹಣಿಗೆಂದು ಕರ್ಜಗಿಯಿಂದ ಬಂದ ರೈತನೊಬ್ಬ, ಪಹಣಿ ಕೈಗೆ ಬಂದ ಮೇಲೂ ಕಿಟಕಿ ಬಿಡದೆ ಅದನ್ನೇ ಕೇಳಿದ್ದ. ಅವತ್ತೇ ಅವಳು ನಿರ್ಧರಿಸಿದಳು. ವರ್ಷದಲ್ಲಿ ಏಳು ದಿನವಾದರೂ ಆ ಪ್ರಶ್ನೆ ಕಿವಿಗೆ ಬೀಳದ ಕಡೆ ಇರಬೇಕು. ತಾಯಿಯನ್ನು ಜೊತೆಗೆ ಹೊರಡಿಸಿದ್ದೂ ಅದಕ್ಕೇ. ಹತ್ತು ವರ್ಷದ ಹಿಂದೆ ಬಂದ ಸಂಬಂಧವೊಂದನ್ನು ಮಗಳು ಬೇಡವೆಂದ ಮೇಲೆ ಪ್ರೇಮವ್ವ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಇಬ್ಬರೇ ಉಳಿದ ಮನೆಯಲ್ಲಿ ಸುಧಾರಾಣಿಗೆ ಆ ಮೌನವೇ ದೊಡ್ಡ ಆಸರೆ.

ಅವಳು ಚೀಲ ತೂಗಿ ನೋಡುತ್ತಿದ್ದಾಗ ಮೈಲವ್ವ ತಟ್ಟೆ ಹಿಡಿದು ಒಳಗೆ ಬಂದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಖಣ. "ಬಾರವಾ, ಮಣಿ ಮ್ಯಾಲ ಕುಂದ್ರು. ಉಡಿ ತುಂಬತೇನಿ."

ದೂರದ ಪ್ರವಾಸಕ್ಕೆ ಹೊರಟವರಿಗೂ ಉಡಿ ತುಂಬುತ್ತಾರೇನೋ ಎಂದುಕೊಂಡು ಸುಧಾರಾಣಿ ದುಪಟ್ಟಾ ಒಡ್ಡಿ ಕುಳಿತಳು. ಮೈಲವ್ವನ ಹಿಂದೆ ಮತ್ತೊಬ್ಬಳು, ಅವಳ ಹಿಂದೆ ಇನ್ನೊಬ್ಬಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸಾಲುಗಟ್ಟಿದರು. ಅಷ್ಟು ದಿನ ಗ್ರಾಂ ಲೆಕ್ಕ ಹಾಕಿ ಕಟ್ಟಿದ ಚೀಲದ ಪಕ್ಕದಲ್ಲೇ ಅಕ್ಕಿಯ ರಾಶಿ ಏರತೊಡಗಿತು. ಎಂಟನೆಯ ಉಡಿ ಮುಗಿದಾಗ ಮೈಲವ್ವ ಕಿವಿಯ ಹತ್ತಿರ ಬಗ್ಗಿ, ಹುಡುಗ ಎಷ್ಟು ಓದಿದ್ದಾನೆ ಎಂದು ಕೇಳಿದಳು.

"ಯಾವ ಹುಡುಗ್ರಿ? ನಾವು ತಿರಗ್ಯಾಡಾಕ ಹೊಂಟೇವಿ."

"ನಿಮ್ಮವ್ವನ ಹೇಳ್ಯಾಳ, ಗೊತ್ತಾತು ಅಂತ" ಎಂದ ಮೈಲವ್ವ, ಹುಡುಗಿ ನಾಚಿಕೊಳ್ಳುತ್ತಿದ್ದಾಳೆಂದು ಉಳಿದವರಿಗೆ ಸಾರಿದಳು. ಮೂವತ್ತೇಳರಲ್ಲೂ ಇಷ್ಟು ನಾಚಿಕೆ ಉಳಿಸಿಕೊಂಡ ಹುಡುಗಿಯನ್ನು ಕಂಡು ಓಣಿಗೆ ಬಹಳ ಸಂತೋಷವಾಯಿತು.

ಎದುರು ಮನೆಯ ತಿರಕಪ್ಪನಿಗೆ ಮಾತ್ರ ಆಗಲಿಲ್ಲ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಬಂದವರ ಹೋದವರ ಚೀಲ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ, ಮುಚ್ಚಿಟ್ಟದ್ದನ್ನೆಲ್ಲ ಸಂಶಯದಿಂದಲೇ ನೋಡುವ ಅಭ್ಯಾಸ. ಹುಡುಗನ ಸುದ್ದಿ ಮುಚ್ಚಿಡುತ್ತಾರೆಂದರೆ ಹುಡುಗನಲ್ಲಿ ಏನೋ ಐಬು ಇದೆ ಎಂದ. ಹುಡುಗನೇ ಇಲ್ಲ ಎಂದು ಸುಧಾರಾಣಿ ಕೂಗಿ ಹೇಳಿದಳು. ಅವಳು ಒಂದೊಂದು ಸಲ ಇಲ್ಲ ಎಂದಾಗಲೂ ಆ ಹುಡುಗ ಮತ್ತಷ್ಟು ಕೆಡುತ್ತ ಹೋದ. ಎಂಟೂವರೆಯ ಹೊತ್ತಿಗೆ ಅವನಿಗೆ ಐವತ್ತು ವಯಸ್ಸಾಗಿ, ಮೊದಲ ಹೆಂಡತಿ ಸತ್ತು, ಎರಡು ಮಕ್ಕಳಾಗಿ, ಸಕ್ಕರೆ ಕಾಯಿಲೆಯೂ ಬಂದಿತ್ತು. ಖಾರದ ಪುಡಿಯ ಡಬ್ಬಿ ತಂದಿದ್ದ ಹಿಂದಿನ ಮನೆಯ ಖತೀಜಾಬಿ ಅವಳ ತಲೆ ಸವರಿ, ಮಕ್ಕಳಿದ್ದರೇನು, ಸಣ್ಣವಿದ್ದರೆ ಹೊಂದಿಕೊಳ್ಳುತ್ತವೆ ಎಂದು ಸಮಾಧಾನ ಹೇಳಿದಳು.

ಒಂಬತ್ತಕ್ಕೆ ಬೆಂಗಳೂರಿನ ಕಾರು ಬಂತು. ಬಾಗಿಲಲ್ಲಿ ನಿಂತವರು ಸರಿಯಲಿಲ್ಲ. ತಿರಕಪ್ಪ ಕಿಸೆಯಿಂದ ಫೋನು ತೆಗೆದ.

"ಹಲಗೇರಿಯಿಂದ ನಿಮ್ಮ ಸೋದರಮಾವ ಬರ್ಲಿ. ಅವ್ರು ಬಂದು ವಿಚಾರ ಮಾಡೂತನಕಾ ಗಾಡಿ ಬಿಡಂಗಿಲ್ಲ."

ಸೋದರಮಾವ ಬಂದರೆ ವಿಮಾನ ತಪ್ಪುವುದಷ್ಟೇ ಅಲ್ಲ, ರಜೆಯೂ ಮುಗಿಯುತ್ತದೆಂದು ಸುಧಾರಾಣಿಗೆ ಗೊತ್ತಿತ್ತು. ಕಣ್ಣೆದುರೇ ಏಳು ದಿನ ಕೈಬಿಟ್ಟು ಹೋಗುತ್ತಿದ್ದವು. ಅವಳು ಮಣೆಯಿಂದ ಎದ್ದಳು.

"ಹೌದ್ರಿ, ಗೊತ್ತಾಗೇತಿ. ವೀರೇಂದ್ರ ಅಂತ ಹೆಸರು. ಇಂಜಿನಿಯರ್. ನಲವತ್ತ ವಯಸ್ಸು, ಮೊದಲ್ನೇ ಮದವಿ, ಸಕ್ಕರಿ ರೋಗ ಇಲ್ಲ."

ಓಣಿ ನಿಟ್ಟುಸಿರು ಬಿಟ್ಟಿತು. ತಿರಕಪ್ಪ ಫೋನು ಕಿಸೆಗಿಳಿಸಿ ತಾನೇ ಚೀಲ ಎತ್ತಿದ. ಇಷ್ಟು ಸುಲಭವೆಂದು ತಿಳಿದಿದ್ದರೆ ಹತ್ತು ವರ್ಷದ ಹಿಂದೆಯೇ ಹೇಳಬಹುದಿತ್ತು ಎನಿಸಿತು ಅವಳಿಗೆ. ತಿರುಗಿ ಬಂದ ಮೇಲೆ, ಯಾಕೋ ಹೊಂದಿಬರಲಿಲ್ಲ ಎಂದರಾಯಿತು. ಅಷ್ಟರಲ್ಲಿ ಪ್ರೇಮವ್ವನೂ ರೊಟ್ಟಿಯ ಗಂಟು ಹೊತ್ತು ಬಂದಳು. ಉಡಿಯ ಅಕ್ಕಿ ಬಿಟ್ಟು ಹೋಗಬಾರದೆಂದು ಮೈಲವ್ವ ಹಟ ಹಿಡಿದದ್ದರಿಂದ ಕಾರಿನ ಡಿಕ್ಕಿ ಮುಚ್ಚಲೊಲ್ಲದು. ಡ್ರೈವರನ ಜೊತೆ ಹೆಣಗಿ ಸುಧಾರಾಣಿ ಮುಂದೆ ಬರುವಷ್ಟರಲ್ಲಿ ತಾಯಿ ಎಲ್ಲರಿಗೂ ಕೈಮುಗಿದು ಒಳಗೆ ಕುಳಿತಿದ್ದಳು. ಕಣ್ಣು ಒದ್ದೆಯಾಗಿದ್ದವು. ಮೊದಲ ಸಲ ಊರು ಬಿಟ್ಟು ಇಷ್ಟು ದೂರ ಹೊರಟಿದ್ದಾಳೆ, ಪಾಪ, ಎಂದುಕೊಂಡಳು ಮಗಳು.

ರಾಣೆಬೆನ್ನೂರು ದಾಟಿತು, ತುಂಗಭದ್ರೆ ದಾಟಿತು. ಪ್ರೇಮವ್ವ ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳೇ ಹೊರತು ಮಾತಿಲ್ಲ. ಸುಧಾರಾಣಿ ಕಾಲು ಚಾಚಿ ನಿದ್ದೆ ಹೋದಳು.

ವಿಮಾನ ನಿಲ್ದಾಣದಲ್ಲಿ ಅಕ್ಕಿ ಪಾರಾಯಿತು, ಕೊಬ್ಬರಿ ಪಾರಾಗಲಿಲ್ಲ. ಒಣಕೊಬ್ಬರಿಗೆ ಬೆಂಕಿ ಹತ್ತುವ ಭಯವಿದೆಯೆಂದು ಕೌಂಟರಿನ ಹುಡುಗಿ ಹನ್ನೊಂದು ಬಟ್ಟಲು ಹೊರಗೆ ತೆಗೆಸಿದಳು. ಪ್ರೇಮವ್ವ ಬೇಸರ ಮಾಡಿಕೊಳ್ಳದೆ ಅವನ್ನೆಲ್ಲ ಆ ಹುಡುಗಿಗೇ ಕೊಟ್ಟು, ನಿನಗೂ ಲಗೂನ ಒಳ್ಳೇದಾಗಲಿ ಎಂದು ಹರಸಿದಳು. ತಾಯಿ ಇವತ್ತು ಬಹಳ ಖುಷಿಯಲ್ಲಿದ್ದಾಳೆ ಎಂದು ಸುಧಾರಾಣಿಗೂ ಖುಷಿಯಾಯಿತು.

ಕೊನೆಯದು ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವ ಅಧಿಕಾರಿಯ ಗಾಜಿನ ಕಿಟಕಿ. ಅಲ್ಲಿ ಕೇಳಿದರೆ 'ತಿರುಗಾಡಲು' ಎಂದಷ್ಟೇ ಹೇಳಬೇಕೆಂದು ಸುಧಾರಾಣಿ ತಾಯಿಗೆ ವಾರವಿಡೀ ಬಾಯಿಪಾಠ ಮಾಡಿಸಿದ್ದಳು. ಮಗಳು ಪ್ರವಾಸ ಎಂದಳು. ಅಧಿಕಾರಿ ತಾಯಿಯ ಕಡೆ ತಿರುಗಿದ.

"ಏನಮ್ಮ, ನೀವು ಯಾಕೆ ಹೋಗ್ತಿದೀರ ಮಲೇಶಿಯಾಗೆ?"

ಪ್ರೇಮವ್ವ ಸೆರಗು ಸರಿಮಾಡಿಕೊಂಡಳು. "ನಮ್ಮ ಅಳಿಯನ್ನ ನೋಡಾಕ್ರಿ ಸಾಹೇಬ್ರ. ವೀರೇಂದ್ರ ಅಂತ, ಇಂಜಿನಿಯರ್ ಅದಾರ."

ಅಧಿಕಾರಿಯ ಕೈ ನಿಂತಿತು. ಪ್ರವಾಸ ಅಂದಿದ್ದಿರಲ್ಲ ಎಂದು ಸುಧಾರಾಣಿಯನ್ನು ನೋಡಿದ. ಮದುವೆಯಾಗಿದೆಯೇ ಎಂದ. ಇಲ್ಲ ಎಂದಳು.

"ಹಾಗಾದ್ರೆ ಮದುವೆ ಯಾವಾಗ?"

ವೀರೇಂದ್ರ ಎಂಬುವನು ಈ ಭೂಮಿಯ ಮೇಲೆಯೇ ಇಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಪಕ್ಕದಲ್ಲಿ ತಾಯಿಯೂ ಉತ್ತರಕ್ಕೆ ಕಾಯುತ್ತಿದ್ದಳು. ಅಪ್ಪ ಹೋದ ಮೇಲೆ ಆ ಮುಖ ಇಷ್ಟು ಅರಳಿದ್ದನ್ನು ಸುಧಾರಾಣಿ ನೋಡಿರಲಿಲ್ಲ.

"ಇನ್ನೂ ದಿನ ಇಟ್ಟಿಲ್ಲ ಸರ್. ಈಗ ಬರೀ ತಿರುಗಾಡಿ ಬರ್ತೀವಿ."

ಅಧಿಕಾರಿ ನಕ್ಕು, ಶುಭಾಶಯ ಹೇಳಿ, ಎರಡು ಠಸ್ಸೆ ಒತ್ತಿದ.

ಆಚೆ ಬಂದ ಕೂಡಲೇ ಪ್ರೇಮವ್ವ ಮಗಳ ತೋಳು ಹಿಡಿದುಕೊಂಡಳು. ಕಾರು ಹತ್ತುವಾಗ ಮೈಲವ್ವ ಹೇಳಿದಾಗಿನಿಂದ ತಡೆದುಕೊಂಡಿದ್ದಳಂತೆ. ಎತ್ತರ ಇದ್ದಾನೇನು ಎಂದಳು. ನಿಮ್ಮಪ್ಪನ ಹಾಗೆ ಮೂಗಿನ ಮೇಲೆ ಸಿಟ್ಟೇನು ಎಂದಳು. ಅವನ ತಾಯಿ ಇದ್ದಾಳೋ, ಜೋಳದ ರೊಟ್ಟಿ ತಿನ್ನುತ್ತಾನೋ, ನಿನಗೆ ಮೊದಲು ಎಲ್ಲಿ ಭೇಟಿಯಾದ ಎಂದಳು. ಹತ್ತು ವರ್ಷ ನುಂಗಿಕೊಂಡದ್ದೆಲ್ಲ ಒಂದರ ಹಿಂದೆ ಒಂದು ಹೊರಗೆ ಬಂತು. ಸುಧಾರಾಣಿ ತಲೆ ತಗ್ಗಿಸಿ ಪಾಸ್‌ಪೋರ್ಟುಗಳನ್ನು ಚೀಲದೊಳಗೆ ತುರುಕತೊಡಗಿದಳು.

"ಈಗ ನಾಚಿಕಿ ಬಂದ್ರ ಬ್ಯಾಡ ಬಿಡವಾ" ಎಂದಳು ಪ್ರೇಮವ್ವ, ಮಗಳ ಕೈ ತಟ್ಟುತ್ತ. "ಸಾವಕಾಶ ಹೇಳು. ಏಳು ದಿನಾ ಐತಲ್ಲ."