ಆಯುಧಪೂಜೆಯ ದಿನ ಸಡಿಲಾದ ಚೈನು

ಕೆಲವರ ಕೈಗೆ ಸ್ಕ್ರೂಡ್ರೈವರ್ ಬಂದರೆ ಮನೆಯವರಿಗೆ ಧೈರ್ಯ ಬರುತ್ತದೆ. ನನ್ನ ಕೈಗೆ ಬಂದರೆ ಇದ್ದ ಧೈರ್ಯವೂ ಹೋಗುತ್ತದೆ. ಬಿಗಿಯುವುದು ನನ್ನ ಜಾಯಮಾನ. ಎಲ್ಲಿ ಏನು ಸಡಿಲವಿದ್ದರೂ ಕೈ ತುರಿಸುತ್ತದೆ. ಇನ್ನೊಂದೇ ಒಂದು ಸುತ್ತು ಎಂದು ತಿರುಗಿಸುತ್ತೇನೆ, ನಲ್ಲಿಯ ತಿರುಪು ಕಿತ್ತು ಕೈಗೇ ಬರುತ್ತದೆ. ಇಂಥವನು ಮರ ಕೊಯ್ಯುವ ಚೈನ್ ಮಿಷನ್ ಕೊಂಡದ್ದು ಹೊರಮಾವಿನ ನಮ್ಮ ಬೀದಿಯ ಗ್ರಹಚಾರ ಎನ್ನಬೇಕು.

ನಮ್ಮ ಗೇಟಿನ ಪಕ್ಕದ ಹೊಂಗೆಮರದ ಒಣಕೊಂಬೆಯೊಂದು ಬೀದಿಯ ಮೇಲೆ ಚಾಚಿಕೊಂಡಿತ್ತು. ಎದುರುಮನೆಯ ಕೃಷ್ಣಪ್ಪನವರ ಹಿರಿಯರು ಈ ಜಾಗದಲ್ಲೇ ರಾಗಿ ಬೆಳೆದವರು. ಈಗ ರಾಗಿಯ ಬದಲು ಬಾಡಿಗೆ ಮನೆಗಳಿವೆ, ಟೆಂಪೋ, ಕಾರು, ಬೈಕುಗಳಿವೆ. ಆಯುಧಪೂಜೆಯ ಸಂಜೆ ಅವನ್ನೆಲ್ಲ ಆ ಮರದ ಕೆಳಗೇ ಸಾಲಾಗಿ ನಿಲ್ಲಿಸಿ, ಮೊಮ್ಮಕ್ಕಳ ಸಮೇತ ನಿಂತು ಪೂಜೆ ಮಾಡುವುದು ಅವರ ಪದ್ಧತಿ. ಕೊಂಬೆ ಇಳಿಸಲು ಆಳು ಕರೆಸುತ್ತೇನೆ ಎಂದರು. ಮಿಷನ್ ಇರುವಾಗ ಆಳೇಕೆ, ಹಬ್ಬದ ಬೆಳಿಗ್ಗೆಯೇ ಇಳಿಸಿಕೊಡುತ್ತೇನೆ ಎಂದು ನಾನು ಎದೆಯುಬ್ಬಿಸಿದೆ.

ಅರ್ಧ ಕೊಯ್ಯುವಷ್ಟರಲ್ಲಿ ಚೈನು ಸಡಿಲಾಯಿತು. ಏಣಿಯಿಂದಿಳಿದು, ಅದನ್ನು ಬಿಗಿಮಾಡುವ ಸ್ಕ್ರೂವನ್ನು ತಿರುಗಿಸಿದೆ. ಸಾಕು ಎನ್ನಿಸಿದ ಮೇಲೂ ಇನ್ನೊಂದು ಸುತ್ತು. ಒಳಗೆ ಟಕ್ ಎಂದಿತು. ಚೈನನ್ನು ಎಳೆದು ಹಿಡಿಯುವ ಪಿನ್ನು ಮುರಿದುಹೋಗಿತ್ತು. ಮೇಲೆ ಅರೆಕೊಯ್ದ ಕೊಂಬೆ ಗಾಳಿಗೆ ಕಿರ್ ಎನ್ನುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗದಿಂದ ಅದನ್ನು ಕಟ್ಟಿ, ಯಾರಿಗೂ ಹೇಳದೆ, ಮಿಷನ್ನಿಗೆ ಬೆಡ್‌ಶೀಟು ಸುತ್ತಿ ಸ್ಕೂಟರಿನಲ್ಲಿಟ್ಟುಕೊಂಡು ಶಿವಾಜಿನಗರಕ್ಕೆ ಓಡಿದೆ. ಹೇಳಲು ನಾಚಿಕೆಯಾಯಿತು. ದಾರಿಯುದ್ದಕ್ಕೂ ಆ ಮೊಮ್ಮಕ್ಕಳ ತಲೆಗಳೇ ಕಣ್ಣಿಗೆ ಕಟ್ಟುತ್ತಿದ್ದವು.

ಶಿವಾಜಿನಗರದಲ್ಲಿ ರಿಪೇರಿ ಅಂಗಡಿಗಳೆಲ್ಲ ತೆರೆದೇ ಇದ್ದವು, ಕೆಲಸ ಮಾತ್ರ ಇರಲಿಲ್ಲ. ಎಲ್ಲೆಲ್ಲೂ ಉಪಕರಣಗಳು ತೊಳೆದು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನಡಿ ಮಲಗಿದ್ದವು. ಅಲೆದಲೆದು ಮಧ್ಯಾಹ್ನ ಕಳೆದ ಮೇಲೆ ಒಬ್ಬ ಮುಸ್ಲಿಂ ಭಾಯ್ ಅಂಗಡಿ ಸಿಕ್ಕಿತು. ಇವರಿಗೇನು ಅಡ್ಡಿ ಎಂದು ಆಸೆಯಿಂದ ಒಳಹೊಕ್ಕೆ. ಅವರು ಹೊಸ ಪಿನ್ನನ್ನು ಹುಡುಕಿಕೊಟ್ಟರು. ಹಾಕಿಕೊಡಿ ಎಂದಾಗ ಮಾತ್ರ ಮೂಲೆಯಲ್ಲಿ ಉಪಕರಣಗಳಿಗೆ ಹಾಕಿದ್ದ ಹಾರ ತೋರಿಸಿದರು.

"ನನ್ದೇನೂ ಇಲ್ಲ ಸಾಬ್. ಮೆಕ್ಯಾನಿಕ್ ಸೆಲ್ವಂ ಪೂಜೆ ಮಾಡಿ ಇಟ್ಟವ್ನೆ. ನಾನು ಮುಟ್ಟಿದ್ರೆ ನಾಳೆ ಅವ್ನಿಗೆ ಏನ್ ಜವಾಬ್ ಕೊಡ್ಲಿ?"

ನಾನೇ ಹಾಕಿಕೊಂಡರಾಯಿತು ಎಂದು ಸಂಜೆಯ ಹೊತ್ತಿಗೆ ವಾಪಸ್ ಹಾರಿಬಂದೆ. ಬೀದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಸದ್ಯ, ಇನ್ನೂ ತಂದಿಲ್ಲ ಎಂದು ಸಮಾಧಾನವಾಯಿತು. ಗೇಟಿನ ಪಕ್ಕ ಸ್ಕೂಟರ್ ನಿಲ್ಲಿಸಿ, ಮಿಷನ್ ಎತ್ತಿಕೊಂಡು ಒಳಗೆ ಓಡಿ ಹೆಂಡತಿಯ ಹತ್ತಿರ ಪಾನಾ, ಸ್ಕ್ರೂಡ್ರೈವರ್ ಕೇಳಿದೆ. ಧಾರವಾಡದವಳು, ಮಾತು ನೇರ.

"ಮುಂಜಾನೆ ಹೋಗೂ ಮುಂದ ನೀವಾ ಡಬ್ಬಿ ಸಮೇತ ಪೂಜಾಕ್ಕ ಕೊಟ್ಟೀರಿ. ಈಗ ಅವು ದೇವರ ಮುಂದ ಅದಾವ. ನಾಳೆ ತನಕಾ ಮುಟ್ಟೂಹಂಗಿಲ್ಲ."

ಅಷ್ಟರಲ್ಲಿ ಎದುರುಮನೆಯ ಗೇಟು ತೆರೆದ ಸದ್ದು. ಕೃಷ್ಣಪ್ಪನವರು ಬೂದುಗುಂಬಳ ಹಿಡಿದು ಹೊರಟಿದ್ದರು, ಹಿಂದೆ ಮೊಮ್ಮಕ್ಕಳ ದಂಡು. ನನ್ನ ಮಾನ, ನಾಚಿಕೆ ಎಲ್ಲ ಆ ಕ್ಷಣಕ್ಕೆ ಬಿಟ್ಟುಹೋಯಿತು. ಬರಿಗಾಲಲ್ಲಿ ಓಡಿ ಅಡ್ಡ ನಿಂತು, ಕೊಂಬೆ ಅರ್ಧ ಕೊಯ್ದದ್ದು, ಪಿನ್ನು ಮುರಿದದ್ದು, ಯಾರಿಗೂ ಹೇಳದೆ ಹೋದದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

"ಗೊತ್ತು ಸರ್. ನೀವು ಮಿಷನ್ ಕೈಗೆ ತಗೊಂಡಾಗ್ಲೇ ನಮ್ ಗಾಡಿಗಳ್ನೆಲ್ಲ ಹಿಂದಿನ್ ಬೀದಿಗೆ ಹಾಕ್ಸ್ಬಿಟ್ಟೆ. ಪೂಜೆ ಅಲ್ಲೇ. ಈಗ ಕೆಳಗಿರೋದು ನಿಮ್ ಸ್ಕೂಟರ್ ಒಂದೇ."

ಅತ್ತ ಓಡಲು ಹೊರಟ ನನ್ನ ತೋಳನ್ನು ಅವರು ಗಟ್ಟಿಯಾಗಿ ಹಿಡಿದದ್ದು ಒಳ್ಳೆಯದಾಯಿತು. ಹಗ್ಗ ಹರಿದು ಕೊಂಬೆ ಸ್ಕೂಟರಿನ ಮೇಲೆ ಕುಳಿತಿತು. ಹೆಡ್‌ಲೈಟು, ಕನ್ನಡಿ ಎರಡೂ ಪುಡಿ. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಕೊಂಬೆಯನ್ನು ಎತ್ತಲು ಬಗ್ಗಿದವನನ್ನು ಕೃಷ್ಣಪ್ಪನವರು ಬಿಡದೆ ಹಿಂದಿನ ಬೀದಿಗೆ ಕರೆದುಕೊಂಡು ಹೋದರು. ಟೆಂಪೋ, ಕಾರು, ಬೈಕುಗಳಿಗೆ ಸಾಲಾಗಿ ಕುಂಕುಮವಿಟ್ಟು, ಕೊನೆಗೆ ನನ್ನ ಹಣೆಗೂ ಒಂದು ಬೊಟ್ಟು ಇಟ್ಟು, ಇನ್ನು ನಾಳೆಯವರೆಗೆ ನೀವೂ ಕೆಲಸ ಮಾಡುವ ಹಾಗಿಲ್ಲ ಎಂದರು.