ಅತ್ತೆಯ ಉಸಿರಿಗೊಂದು ತೂತು

ಇಳಕಲ್ಲಿನಲ್ಲಿ ಗಾಜಿನ ಜೊತೆ ಜಗಳಾಡುವ ಮನುಷ್ಯ ಅಂತ ಯಾರಾದರೂ ಇದ್ದರೆ ಅವರು ನಮ್ಮ ಸೋದರಮಾವ ಒಬ್ಬರೇ! ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ ಅವರದು. ಗೀರು ಎಳೆಯುವ ಮೊದಲು ಗಾಜಿಗೊಂದು ತಾಕೀತು: "ನೆಟ್ಟಗ ಸೀಳಬೇಕು ಮತ್ತ! ಅಡ್ಡಾದಿಡ್ಡಿ ಹೋದ್ಯೋ, ಪಾಯಖಾನಿ ಕಿಡಕಿಗೆ ಹಾಕಿಬಿಡ್ತೇನಿ!" ಗಾಜು ಹೆದರುತ್ತಿತ್ತೆಂದೇ ನನ್ನ ನಂಬಿಕೆ.

ತೀರಿಕೊಂಡವರ ಫೋಟೋ ತಂದವರಿಗೆ ಬೇರೆ ಕಾಟ. ಸತ್ತವರು ಯಾವುದಕ್ಕೆ ನಗುತ್ತಿದ್ದರೆಂದು ಹೇಳದೆ ಕೆಲಸ ಶುರುವಾಗದು.

"ನಮ್ಮಪ್ಪ ನಗತಿದ್ದಿಲ್ರಿ."

"ಹಂಗಾರ ನಗಿಸೂವಂಥಾದ್ದು ನೀವೇನೂ ಮಾಡಿಲ್ಲ, ಬಿಡ್ರಿ!"

ಇಂಥವರ ಹೆಂಡತಿ ನಮ್ಮ ದಮ್ಮಿನ ಅತ್ತೆ. ಒಂದು ಮಧ್ಯಾಹ್ನ ಅವಳಿಗೆ ಚಹಾ ತರಲು ಒಳಗೆ ಹೋದ ಮಾವ ಕಪ್ಪು ಹಿಡಿದು ಬರುವಷ್ಟರಲ್ಲಿ ಅತ್ತೆ ಇರಲಿಲ್ಲ.

ಅವಳು ಹೋದ ಹದಿನಾಲ್ಕನೆಯ ದಿನವೋ ಏನೋ, ಅವಳ ಫೋಟೋದ ಮೇಲೆ ಗಾಜಿಟ್ಟ ಮಾವ ತಟ್ಟನೆ ತೆಗೆದುಬಿಟ್ಟರಂತೆ. "ದಮ್ಮಿನಾಕಿ. ಹಿಂಗ ಮುಚ್ಚಿದ್ರ ಉಸುರು ಹೆಂಗ ಆಡಬೇಕು?"

"ಗಾಜಿಲ್ದ ಹಂಗೇ ತೂಗಹಾಕೋ ಅಣ್ಣಾ," ಎಂದಳು ನಮ್ಮವ್ವ.

"ಧೂಳು ಕುಂದರತೈತಿ. ಧೂಳಿಗೇ ಆಕಿಗೆ ದಮ್ಮು ಏಳತಿತ್ತು!"

ಇದಕ್ಕೇನು ಹೇಳುತ್ತೀರಿ? ಗಾಜೂ ಬೇಕು, ಮೂಗಿನ ಮುಂದೆ ತೂತೂ ಬೇಕು! ಡ್ರಿಲ್ ಹಿಡಿದರು. ನೀರು ಹನಿಸುತ್ತ ಕೊರೆದರು. ಒಂದೊಂದು ಗಾಜೂ ತೂತು ಬೀಳುವ ಹೊತ್ತಿಗೆ ಸರಿಯಾಗಿ ಬಿರುಕು ಬಿಟ್ಟಿತು. ಅವ್ವ ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿದಳು: "ಅಂಗಳದ ತುಂಬ ಚೂರು. ಉಣ್ಣಾಕ ಕರದ್ರ ಬರವಲ್ಲ. ಬೈಯೂದನ್ನೂ ಬಿಟ್ಟಾನಪಾ ಗಾಜಿಗೆ."

ಅದೊಂದು ಮಾತಿಗೆ ನನಗೆ ಹೆದರಿಕೆಯಾಯಿತು.

ಆಗ ನಾನು ದೂರದೂರಿನ ಪ್ರಯೋಗಾಲಯವೊಂದರಲ್ಲಿ ಲೇಸರ್ ಯಂತ್ರದ ಸಹಾಯಕ. ನಮ್ಮ ಯಂತ್ರದ ಕೆಲಸವೇ ಗಾಜು ಕೊರೆಯುವುದು. ವಿಷಯ ಕೇಳಿ ನಮ್ಮ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, ತಾವೇ ಗಾಜನ್ನು ಯಂತ್ರಕ್ಕೆ ಹೊಂದಿಸಿ ಕೊಟ್ಟರು.

ಕೂದಲೆಳೆಯಂಥ ತೂತು. ಬಿರುಕಿಲ್ಲ. ಬಟ್ಟೆಯಲ್ಲಿ ಸುತ್ತಿ ಇಳಕಲ್ಲಿಗೆ ತಂದೆ.

"ಎಲ್ಲೈತಿ ಲೇ? ಮಾವಗ ಟೊಪಿಗಿ ಹಾಕ್ತಿ?" ಬೆಳಕಿಗೆ ಹಿಡಿದು ತೋರಿಸಿದೆ. ಮಾವ ದಂಗಾದರು. "ಹೆಂಗ ಒಡೀಲಿಲ್ಲೋ ಇದು?"

"ಬೆಳಕು ಭಾಳ ಸಣ್ಣ ಸಣ್ಣ ಏಟು ಹಾಕತೈತ್ರಿ ಮಾಮಾ. ಕಾವು ಆಜೂಬಾಜೂ ಹರಡೂದ್ರಾಗ ಏಟು ಮುಗದಿರತೈತಿ."

"ಅಂದ್ರ ಗಾಜಿಗೆ ಗೊತ್ತಾಗೂದ್ರಾಗ..."

"ಹೌದ್ರಿ."

"ನನಗೂ ಹಂಗೇ ಆತು ನೋಡು, ಚಾ ತರೂದ್ರಾಗ," ಎಂದರು ಮಾವ.

ಕಟ್ಟು ಹಾಕಿ, ಮೊಳೆಗೆ ತೂಗಿಸಿ, ಅತ್ತೆಯ ಮೂಗಿನ ಮುಂದೆ ಬೆರಳು ಹಿಡಿದು ನಿಂತರು. ಎಷ್ಟೋ ಹೊತ್ತು. ಆಮೇಲೆ ನನ್ನತ್ತ ತಿರುಗಿ, ಮಲಗಿದವರಿಗೆ ಎಚ್ಚರವಾದೀತೆಂಬಂತೆ ಪಿಸುಗುಟ್ಟಿದರು: "ಬೆಚ್ಚಗ ಐತೋ."