ಎಣ್ಣೆ ಮಾರುವ ಇನ್ನೊಬ್ಬ ನಾನು

ಬೈಲಹೊಂಗಲದಲ್ಲಿ ಕೂತು ರೊಟ್ಟಿ, ಚಟ್ನಿ ಮಾಡುವ ವಿಡಿಯೋ ಹಾಕುವ ಹೆಂಗಸು ನಾನು. ಮೊಬೈಲಿನ ಸಕಲ ವಿದ್ಯೆಯೂ ನನಗೆ ಕರಗತ ಎಂದೇ ನಂಬಿದ್ದೆ. ಕಟಕೋಳದಿಂದ ಸೋದರತ್ತೆಯ ಫೋನ್ ಬರುವವರೆಗೆ!

"ಶಾಂತಾ, ನೀ ಹೇಳಿದ ಎಣ್ಣಿ ಹಚ್ಚಿದ್ನಿ. ಮೊಣಕಾಲ ತುಂಬ ಗುಳ್ಳಿ ಎದ್ದಾವ ನೋಡವ್ವಾ!"

"ಯಾವ ಎಣ್ಣಿ? ನಾ ಯಾವಾಗ ಹೇಳಿದ್ನಿ?"

ಅತ್ತೆ ವಿಡಿಯೋ ಕಳಿಸಿದರು. ನೋಡಿದರೆ ನಾನೇ! "ಪ್ರಿಯ ವೀಕ್ಷಕರೇ, ಈ ದಿವ್ಯ ತೈಲದಿಂದ ಮೊಣಕಾಲು ನೋವು ಮಂಗಮಾಯ" ಎಂದು ನಗುತ್ತಿದ್ದೆ. ಯಾರೋ ಎಐಯಿಂದ ನನ್ನ ಮುಖ, ನನ್ನ ದನಿ ತಯಾರಿಸಿ ಎಣ್ಣೆ ಮಾರಲು ಕೂರಿಸಿದ್ದರು. ಮೈಯೆಲ್ಲ ಉರಿಯಿತು.

ಪತಿದೇವರು ಕಣ್ಣು ಮಿಟುಕಿಸದೆ ನೋಡಿ, "ಇಕಿ ಎಷ್ಟ ಸಮಾಧಾನದಿಂದ ಮಾತಾಡ್ತಾಳಲ್ಲ!" ಎಂದರು.

ಅವರ ವಿಚಾರಣೆ ಆಮೇಲೆ. ಮೊದಲು ಎಣ್ಣೆಯವಳು! ಅತ್ತೆಗೆ ದವಾಖಾನೆಗೆ ಹೋಗಲು ಹೇಳಿ, ರಿಪೋರ್ಟ್ ಒತ್ತಿದೆ. "ನಿಯಮ ಉಲ್ಲಂಘನೆ ಕಂಡುಬಂದಿಲ್ಲ" ಎಂಬ ಉತ್ತರ ಬಂತು. ಬಿಡುವವಳೇ ನಾನು? ಸವದತ್ತಿ, ರಾಮದುರ್ಗ, ಕಿತ್ತೂರಿನ ಬಂಧುಬಳಗಕ್ಕೆಲ್ಲ ಲಿಂಕ್ ಕಳಿಸಿ ಆಜ್ಞೆ ಹೊರಡಿಸಿದೆ: "ಎಲ್ಲಾರೂ ಕೂಡಿ ಇಕಿನ್ನ ರಿಪೋರ್ಟ್ ಮಾಡ್ರಿ! ಬಿಡಬ್ಯಾಡ್ರಿ!"

ಬಿಡಲಿಲ್ಲ. ಸಂಜೆಯೊಳಗೆ ಖಾತೆ ಬಂದ್ ಆಯಿತು. ನನ್ನದು! ಸಿಟ್ಟಿನ ಭರದಲ್ಲಿ ನನ್ನದೇ ಚಾನೆಲ್ಲಿನ ಲಿಂಕ್ ಕಳಿಸಿದ್ದೆ.

ಖಾತೆ ಮರಳಿ ಬೇಕೆಂದರೆ ನಾನು ನಾನೇ ಎಂದು ಸಾಬೀತುಪಡಿಸಬೇಕಂತೆ. ಮೊಬೈಲಿನ ಎದುರು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. "ಮುಖ ಹೊಂದುತ್ತಿಲ್ಲ" ಎಂದಿತು.

"ಸ್ವಲ್ಪ ನಗು. ಹಿಂಗ ಗುರಾಯಿಸಿದ್ರ ಅದೂ ಅಂಜತೈತಿ" ಎಂದರು ಪತಿದೇವರು.

ಹಲ್ಲು ಕಚ್ಚಿಕೊಂಡೇ ನಕ್ಕೆ. ಒಪ್ಪಿಕೊಂಡಿತು!

ಪೊಲೀಸರಿಗೆ ದೂರು ಕೊಟ್ಟು, ಬೆನ್ನು ಹತ್ತಿ, ಕಡೆಗೂ ಎಣ್ಣೆಯವಳನ್ನು ಅಳಿಸಿಹಾಕಿಸಿದೆ. ಅತ್ತೆಯ ಗುಳ್ಳೆಗಳೂ ಮಾಯ್ದವು. ಅಷ್ಟಕ್ಕೇ ಸುಮ್ಮನಾಗದೆ ಸಾಲಹಳ್ಳಿಗೆ ಹೋಗಿ ಹೆಂಗಸರನ್ನು ಕೂಡಿಸಿ ಪಾಠ ಮಾಡಿದೆ. "ಮುಖ ಪರಿಚಯದ್ದ ಇದ್ರೂ ನಂಬಬ್ಯಾಡ್ರಿ. ಏನರ ಫರಕ್ ಕಂಡ್ರ ಮೊದಲ ರಿಪೋರ್ಟ್ ಒತ್ರಿ!" ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಎದೆಯುಬ್ಬಿಸಿ ಮನೆಗೆ ಬಂದೆ.

ಮರುದಿನ ಸಜ್ಜಿ ರೊಟ್ಟಿಯ ವಿಡಿಯೋ ಹಾಕಿದೆ. ಹಾಕಿದ್ದೇ ತಡ, ಸಾಲಹಳ್ಳಿಯಿಂದ ಫೋನ್.

"ಅಕ್ಕಾರ, ನಿಮ್ಮ ಹೆಸರಿಲೆ ಮತ್ತೊಬ್ಬಾಕಿ ಬಂದಾಳ್ರಿ! ಎಲ್ಲಾರೂ ಕೂಡಿ ರಿಪೋರ್ಟ್ ಒತ್ತೇವಿ."

"ಅಯ್ಯ, ಅದು ನಾನ ಅದೇನಿ! ನಕಲಿ ಅಂತ ಹೆಂಗ ಅನ್ಕೊಂಡ್ರಿ?"

"ರೊಟ್ಟಿ ನಡುವ ಹರದಿತ್ತಲ್ರಿ. ಕಾವಲಿ ಮ್ಯಾಲ ಕರಕಲ ಬ್ಯಾರೆ ಆಗಿತ್ತು. ನೀವ್ ಹಂಗ ಮಾಡ್ತೀರೇನ್ರಿ?"

ಹರಿದದ್ದೂ ಹೊತ್ತಿದ್ದೂ ಅಪ್ಪಟ ನನ್ನ ಕೈಯದೇ!